ಚಿತ್ರಶಾಲೆಯ ಜಯಂತಿಯೂ ಜೀವಂತ ಕಲಾವಿದರ ಸಂವಾದವೂ

ಮದರಾಸಿನ ಸಾಮಾನ್ಯ ಜನರು ಆ ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಬಹುಕಾಲದ ಹಿಂದೆಯೇ ಒಂದು ಹೆಸರನ್ನಿಟ್ಟಿದ್ದರು. ಅದು ‘ಸೆತ್ತ ಕಾಲೇಜು’. ಎಂದರೆ, ಸತ್ತವುಗಳ ಕಾಲೇಜು. ಹುಲಿ ಕರಡಿಗಳಿದ್ದ ಮೃಗಶಾಲೆಯು ‘ಉಯಿರ್ ಕಾಲೇಜು’. ಎಂದರೆ, ಜೀವವುಳ್ಳ ಕಾಲೇಜು. ಸರ್ಜನ್ ಎಡ್ವರ್ಡ್ ಬಾಲ್ಫರ್ ಎಂಬಾತನು 1851ರಲ್ಲಿ ಮೊದಲನೆಯದನ್ನೂ, 1855ರಲ್ಲಿ ಅದರ ಆವರಣದಲ್ಲಿಯೇ ಎರಡನೆಯದನ್ನೂ ತೊಡಗಿಸಿದನು. 1865ರಲ್ಲಿ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಕಾರಣನಾದವನೂ ಅವನೇ. ಜನರು ಇಟ್ಟ ಆ ಹೆಸರು ನಗೆಮಾತಿನಂತೆ ತೋರಿದರೂ ಅದರಲ್ಲಿ ಒಂದು ದೊಡ್ಡ ಆಪಾದನೆಯು ಅಡಗಿದೆ. ಗಾಜಿನ ಪೆಟ್ಟಿಗೆಯನ್ನು ಸೇರಿದುದು ಸತ್ತಿತು, ಸತ್ತುದರೊಡನೆ ಮಾತಾಡುವವರಿಲ್ಲ, ನೋಡಿ ಮುಂದಕ್ಕೆ ನಡೆಯುವುದೊಂದೇ ಉಳಿದ ವ್ಯವಹಾರ, ಎಂಬುದೇ ಆ ಆಪಾದನೆ. ಇದು ನಿಜವಾದಲ್ಲಿ ವಸ್ತುಸಂಗ್ರಹಾಲಯಕ್ಕೆ ಜಯಂತಿಯನ್ನು ಆಚರಿಸುವುದು ವ್ಯರ್ಥ, ಆಚರಿಸತಕ್ಕದ್ದು ಶ್ರಾದ್ಧವನ್ನು.

ಆದರೂ ಜಯಂತಿಗಳು ನಡೆಯುತ್ತಲೇ ಇವೆ. ಐವತ್ತು ತುಂಬಿದರೆ ಒಂದು, ನೂರು ತುಂಬಿದರೆ ಇನ್ನೊಂದು. ದೀಪವನ್ನು ಹಚ್ಚುವುದು, ಹಾರವನ್ನು ಹಾಕುವುದು, ಅಧಿಕಾರಿಗಳು ಭಾಷಣ ಮಾಡುವುದು, ಸ್ಮರಣಸಂಚಿಕೆಯನ್ನು ಅಚ್ಚುಹಾಕಿಸಿ ಬೀರುವಿನಲ್ಲಿಡುವುದು: ಇಷ್ಟಾದರೆ ಉತ್ಸವವು ಸಾಂಗವಾಯಿತೆಂದು ತಿಳಿಯುವವರು ಅನೇಕರು. ಈಚಿನ ಕಾಲದಲ್ಲಿ ಇದಕ್ಕೆ ಬೇರೊಂದು ಪದ್ಧತಿಯು ಬಂದಿದೆ. ಸಂಗ್ರಹಾಲಯವು ತನ್ನ ಹುಟ್ಟುಹಬ್ಬದಂದು ಜೀವಂತರಾದ ಕಲಾವಿದರನ್ನು ಒಳಕ್ಕೆ ಕರೆದು, ಹಳೆಯ ಕೃತಿಗಳೆದುರಿಗೆ ನಿಲ್ಲಿಸಿ, ಅವರಿಂದ ಮಾತನ್ನೋ ಹೊಸ ಕೃತಿಯನ್ನೋ ಪಡೆದು, ಆ ಸಂವಾದವನ್ನೇ ಪ್ರದರ್ಶನವನ್ನಾಗಿ ಮಾಡುವುದು. ಇದನ್ನು ಖಂಡಿಸುವವರು ಎರಡು ಕಡೆಗಳಿಂದ ಎದ್ದಿದ್ದಾರೆ. ಪುರಾತನಕ್ಕೆ ಅಪಚಾರವಾಯಿತೆಂದು ಒಂದು ಕಡೆಯವರು. ಇದು ಹೆಸರುವಾಸಿಗಳ ಮೆರವಣಿಗೆಯೆಂದು ಇನ್ನೊಂದು ಕಡೆಯವರು. ಮೊದಲನೆಯವರ ವಾದವು ನಿಲ್ಲತಕ್ಕದ್ದಲ್ಲ. ಎರಡನೆಯವರ ವಾದದಲ್ಲಿ ಸತ್ಯಾಂಶವುಂಟು. ಆದರೆ ಆ ಸತ್ಯದಿಂದ ಅವರು ತೆಗೆಯುವ ಸಿದ್ಧಾಂತವು ತಪ್ಪು.

ವಿಚಾರಕ್ಕೆ ಆಧಾರವಾಗಿ ಒಂದು ದೊಡ್ಡ ಉದಾಹರಣೆಯನ್ನು ತೆಗೆದುಕೊಳ್ಳುವುದು ಯುಕ್ತ. ಲಂಡನ್ ನಗರದ ನ್ಯಾಷನಲ್ ಗ್ಯಾಲರಿಗೆ 2024ನೆಯ ಇಸವಿ ಮೇ 10ರಂದು ಇನ್ನೂರು ವರ್ಷಗಳು ತುಂಬಿದುವು. 1824ರಲ್ಲಿ ಅಲ್ಲಿಯ ಸರಕಾರವು ಜಾನ್ ಜೂಲಿಯಸ್ ಆಂಗರ್‌ಸ್ಟೈನ್ ಎಂಬ ಧನಿಕನ 38 ಚಿತ್ರಗಳನ್ನು 57,000 ಪೌಂಡುಗಳಿಗೆ ಕೊಂಡು, ಪಾಲ್‌ಮಾಲ್ ಬೀದಿಯ ಅವನ ಮನೆಯಲ್ಲಿಯೇ ಜನರಿಗೆ ತೆರೆದಿಟ್ಟಿತು. ಟ್ರಫಾಲ್ಗರ್ ಚೌಕದ ಕಟ್ಟಡವು ಸಿದ್ಧವಾದುದು 1838ರಲ್ಲಿ. ಇಂದು ಅಲ್ಲಿರುವ ಚಿತ್ರಗಳು 2,300ಕ್ಕೂ ಹೆಚ್ಚು. ದ್ವಿಶತಮಾನೋತ್ಸವದ ವರ್ಷದಲ್ಲಿ ಆ ಸಂಸ್ಥೆಯು ತನ್ನ ಅಮೂಲ್ಯವಾದ 12 ಚಿತ್ರಗಳನ್ನು ಬ್ರಿಟನ್ನಿನ 12 ಊರುಗಳ ಸಂಗ್ರಹಾಲಯಗಳಿಗೆ ಎರವಲಾಗಿ ಕಳುಹಿಸಿತು. ರಾಜಧಾನಿಗೆ ಬರಲಾರದವರ ಬಾಗಿಲಿಗೆ ರಾಜಧಾನಿಯ ಸೊತ್ತು ಹೋಯಿತು. ಇದು ಸ್ತುತ್ಯವಾದ ಕಾರ್ಯ. ಆದರೆ ಪ್ರಕೃತಕ್ಕೆ ಬೇಕಾದುದು ಬೇರೊಂದು ಪ್ರದರ್ಶನ. ಅದೇ ವರ್ಷದ ಆಗಸ್ಟಿನಿಂದ ಅಕ್ಟೋಬರಿನವರೆಗೆ ಒಂದು ಕೋಣೆಯಲ್ಲಿ ಮೂರೇ ಮೂರು ಚಿತ್ರಗಳನ್ನು ತೂಗುಹಾಕಿದ್ದರು. ಒಂದು, ಹದಿನೈದನೆಯ ಶತಮಾನದ ಇಟಲಿಯ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ ‘ಕ್ರಿಸ್ತನ ದೀಕ್ಷಾಸ್ನಾನ’. ಉಳಿದೆರಡು, ಆಗ 87 ವರ್ಷದವನಾಗಿದ್ದ ಡೇವಿಡ್ ಹಾಕ್ನಿ 1977ರಲ್ಲಿ ಬರೆದವು.

ಹಾಕ್ನಿಯ ಒಂದು ಚಿತ್ರದಲ್ಲಿ ಅವನ ತಾಯಿತಂದೆಗಳು ಕುಳಿತಿದ್ದಾರೆ. ತಾಯಿ ನೆಟ್ಟಗೆ ಎದುರು ನೋಡುತ್ತಾಳೆ. ತಂದೆ ಪುಸ್ತಕದ ಮೇಲೆ ಬಾಗಿದ್ದಾನೆ. ಅವರ ನಡುವೆ ಇರುವ ಪುಟ್ಟ ಕನ್ನಡಿಯಲ್ಲಿ ಕಾಣುವುದು ಪಿಯೆರೊವಿನ ಅದೇ ದೀಕ್ಷಾಸ್ನಾನದ ಪ್ರತಿಬಿಂಬ. ಇನ್ನೊಂದು ಚಿತ್ರದಲ್ಲಿ ಅವನ ಸ್ನೇಹಿತನೊಬ್ಬನು ಒಂದು ತೆರೆಯ ಮೇಲೆ ಅಂಟಿಸಿದ ನಾಲ್ಕು ಪ್ರತಿಕೃತಿಗಳನ್ನು ನೋಡುತ್ತ ನಿಂತಿದ್ದಾನೆ. ಆ ನಾಲ್ಕೂ ನ್ಯಾಷನಲ್ ಗ್ಯಾಲರಿಯ ಚಿತ್ರಗಳವೇ. ಅವುಗಳಲ್ಲಿ ಪಿಯೆರೊವಿನದೂ ಒಂದು. ವಾಚಕರು ಇಲ್ಲಿ ಗಮನಿಸತಕ್ಕ ಅಂಶವಿಷ್ಟೆ: ಹೊಸ ಚಿತ್ರಗಾರನು ಹಳೆಯವನ ಮುಂದೆ ತನ್ನ ಪಾಂಡಿತ್ಯವನ್ನು ಮೆರೆಸಲಿಲ್ಲ. ಮನೆಯ ಗೋಡೆಯ ಮೇಲಿರುವ ಹಿರಿಯರ ಪಟದಂತೆ ಅವನನ್ನು ತನ್ನ ಸಂಸಾರದೊಳಕ್ಕೆ ತಂದುಕೊಂಡನು. ಐದುನೂರು ವರ್ಷಗಳ ಹಿಂದಿನ ಕೃತಿಯೊಂದು ತಾಯಿತಂದೆಗಳ ನಡುವಿನ ಕನ್ನಡಿಯಲ್ಲಿ ಕಾಣಬಲ್ಲುದಾದರೆ ಅದನ್ನು ಸತ್ತುದೆಂದು ಹೇಳುವವರಾರು?

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ನೋಡಬಹುದು. ಮೊದಲನೆಯದು ಮಡಿವಂತರ ಆಕ್ಷೇಪ. ಕಾಲದ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೃತಿಗಳ ಪಕ್ಕದಲ್ಲಿ, ಇನ್ನೂ ಪರೀಕ್ಷೆಗೆ ಕೂಡದವರ ಕೃತಿಗಳನ್ನಿಡುವುದು ಗರ್ಭಗುಡಿಯೊಳಕ್ಕೆ ಚಪ್ಪಲಿ ಮೆಟ್ಟಿ ಬಂದಂತೆ ಎಂದು ಇವರು ಹೇಳುತ್ತಾರೆ. ಕೇಳುವುದಕ್ಕೆ ಇದು ಭಕ್ತಿಯಂತಿದೆ. ಆದರೆ ಯಾರ ಪರವಾಗಿ ಇವರು ವಕಾಲತ್ತು ಹಿಡಿದಿದ್ದಾರೆಯೋ ಆ ಹಿರಿಯರ ಅಭಿಪ್ರಾಯವನ್ನು ಇವರು ಕೇಳಿದಂತೆ ತೋರುವುದಿಲ್ಲ. 1851ರಲ್ಲಿ ತೀರಿಕೊಂಡ ಟರ್ನರ್ ಮಹಾಚಿತ್ರಗಾರನು ತನ್ನ ಮರಣಶಾಸನದಲ್ಲಿ ಒಂದು ಷರತ್ತನ್ನು ಬರೆದಿದ್ದನು. ತಾನು ದೇಶಕ್ಕೆ ಬಿಟ್ಟುಹೋಗುವ ಎರಡು ಚಿತ್ರಗಳನ್ನು ಅವನಿಗಿಂತ ಒಂದೂವರೆ ಶತಮಾನ ಹಿಂದೆ ಇದ್ದ ಕ್ಲೋಡನ ಎರಡು ಚಿತ್ರಗಳ ಜೊತೆಯಲ್ಲಿಯೇ ತೂಗುಹಾಕಬೇಕು, ಎಂದು. ಕ್ಲೋಡನ ಆ ಎರಡು ಚಿತ್ರಗಳೂ ಆಂಗರ್‌ಸ್ಟೈನನಿಂದ ಕೊಂಡ 38ರೊಳಗಿನವೇ. ಸೂರ್ಯನ ಬೆಳಕನ್ನು ಬಣ್ಣದಲ್ಲಿ ಹಿಡಿಯುವ ವಿದ್ಯೆಯನ್ನು ಟರ್ನರನು ಯಾರಿಂದ ಕಲಿತನೋ ಅವನ ಪಕ್ಕದಲ್ಲಿ ನಿಂತು, ‘ನೋಡಿ, ಅಳೆಯಿರಿ’ ಎಂದು ಲೋಕವನ್ನು ಕರೆದನು. ಇದು ಅಪಚಾರವಾದರೆ ಆ ಅಪಚಾರಕ್ಕೆ ಪ್ರಥಮಾಪರಾಧಿ ಇಂಗ್ಲೆಂಡಿನ ಚಿತ್ರಗಾರರಲ್ಲಿ ಅಗ್ರಗಣ್ಯನಾದವನೇ. ಇಂದಿನ ಸಂವಾದಪ್ರದರ್ಶನಗಳು ಅವನ ಉಯಿಲನ್ನು ಮುಂದುವರಿಸಿದ್ದಾವೆ. ಹೊಸ ಶಾಸ್ತ್ರವನ್ನೇನೂ ಹೂಡಿಲ್ಲ.

ಕನ್ನಡ ಸಾಹಿತ್ಯವನ್ನು ಓದಿದವರಿಗಂತೂ ಈ ಆಕ್ಷೇಪವು ವಿಚಿತ್ರವಾಗಿಯೇ ತೋರಬೇಕು. ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ನೆನೆಯುವುದು ಕನ್ನಡಕವಿಗಳ ಸಂಪ್ರದಾಯ. ನೆನೆದು ಕೈಮುಗಿದು ಸುಮ್ಮನಾಗುವುದು ಅವರ ರೀತಿಯಾಗಿರಲಿಲ್ಲ. ಪಂಪನು ವ್ಯಾಸರ ಭಾರತವನ್ನು ಎತ್ತಿಕೊಂಡು ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಬೇರೊಂದು ಕಥೆಯನ್ನು ಕಟ್ಟಿದನು. ರನ್ನನು ಪಂಪನಲ್ಲಿ ಒಂದು ಭಾಗದಲ್ಲಿ ಮುಗಿದಿದ್ದ ಪ್ರಸಂಗವನ್ನು ಹಿಡಿದು, ಅದನ್ನೇ ಒಂದು ಇಡಿಯ ಗದಾಯುದ್ಧವನ್ನಾಗಿ ಬೆಳೆಸಿದನು. ಕುಮಾರವ್ಯಾಸನಂತೂ ಮೂಲಕವಿಯ ಹೆಸರನ್ನೇ ತನ್ನ ಹೆಸರಿಗೆ ಕಟ್ಟಿಕೊಂಡನು. ಇವೆಲ್ಲ ಹಿರಿಯರೊಡನೆ ಕಿರಿಯರು ನಡೆಸಿದ ಸಂವಾದಗಳಲ್ಲದೆ ಮತ್ತೇನು? ಕಾವ್ಯದಲ್ಲಿ ಯಾವುದು ಭೂಷಣವೋ ಅದು ಚಿತ್ರದಲ್ಲಿಯೂ ಶಿಲ್ಪದಲ್ಲಿಯೂ ದೂಷಣವಾಗಲಾರದು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಅದನ್ನು ಹೇಳಿದವನೂ ಸಾಮಾನ್ಯನಲ್ಲ. ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಚಿತ್ರಶಾಲೆಯೊಂದು ಆಗುವುದೆಂಬ ಸುದ್ದಿ ಹಬ್ಬಿದಾಗ, 1822ರಲ್ಲಿ, ಜಾನ್ ಕಾನ್‌ಸ್ಟಬಲ್ ತನ್ನ ಸ್ನೇಹಿತನಿಗೆ ಬರೆದ ಪತ್ರದಲ್ಲಿ, ಹಾಗಾದಲ್ಲಿ ಆ ದೇಶದ ಕಲೆಗೆ ಅಂತ್ಯವೇ ಬಂದಂತೆ ಎಂದು ಶಂಕಿಸಿದನು. ಅವನ ತರ್ಕವು ಇದು: ಗೋಡೆಯ ಮೇಲಿನ ಚಿತ್ರಗಳೇ ಪ್ರಮಾಣವಾದಮೇಲೆ ಚಿತ್ರಗಾರನು ಪ್ರಕೃತಿಯನ್ನು ನೋಡುವುದನ್ನು ಬಿಡುತ್ತಾನೆ, ಚಿತ್ರದಿಂದ ಚಿತ್ರ ಹುಟ್ಟುತ್ತದೆ, ಹೊಲ, ಹೊಳೆ, ಮೋಡ ಮರೆಯಾಗುತ್ತವೆ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹಳೆಯದನ್ನು ಶಾಸನದಂತೆ ಎದುರಿಗಿಟ್ಟುಕೊಂಡು ಅದರ ನೆರಳಿನಲ್ಲಿಯೇ ಬಾಳಿದ ಕಲೆಗಳು ಸೊರಗಿಹೋದುದಕ್ಕೆ ಯಾವ ದೇಶದಲ್ಲಿಯೂ ಉದಾಹರಣೆಗಳಿಗೆ ಕೊರತೆಯಿಲ್ಲ.

ಆದರೆ ಕಾನ್‌ಸ್ಟಬಲನ ಜೀವನವೇ ಅವನ ವಾದಕ್ಕೆ ಉತ್ತರವನ್ನು ಕೊಡುತ್ತದೆ. ಯೌವನದಲ್ಲಿ ಅವನ ಕಣ್ಣನ್ನು ತೆರೆಸಿದುದು ಸರ್ ಜಾರ್ಜ್ ಬೋಮಾಂಟನ ಬಳಿಯಿದ್ದ ಕ್ಲೋಡನ ಒಂದು ಪುಟ್ಟ ಚಿತ್ರ. ಕಾನ್‌ಸ್ಟಬಲನು ಅದನ್ನು ಪ್ರತಿಮಾಡಿ ಕಲಿತನು. ಬೋಮಾಂಟನ ದಾನದಿಂದ ಆ ಚಿತ್ರವು ನ್ಯಾಷನಲ್ ಗ್ಯಾಲರಿಯನ್ನೇ ಸೇರಿತು. ಅಷ್ಟೇ ಅಲ್ಲ, ಆ ಶಂಕೆಯನ್ನು ಬರೆಯುವುದಕ್ಕೆ ಒಂದು ವರ್ಷ ಮೊದಲು, 1821ರಲ್ಲಿ, ಅವನು ಬರೆದ ‘ಹೇ ವೇನ್’ ಎಂಬ ಹುಲ್ಲಿನ ಬಂಡಿಯ ಚಿತ್ರವು 1886ರಲ್ಲಿ ಅದೇ ಗ್ಯಾಲರಿಗೆ ಬಂದಿತು. ದ್ವಿಶತಮಾನೋತ್ಸವದಲ್ಲಿ ಬ್ರಿಸ್ಟಲ್ ನಗರಕ್ಕೆ ಎರವಲು ಹೋದುದೂ, ಮರಳಿ ಬಂದಮೇಲೆ 2024ರ ಅಕ್ಟೋಬರಿನಿಂದ ಲಂಡನ್ನಿನಲ್ಲಿ ಪ್ರತ್ಯೇಕ ಪ್ರದರ್ಶನಕ್ಕೆ ವಿಷಯವಾದುದೂ ಅದೇ ಚಿತ್ರ. ಚಿತ್ರಶಾಲೆಯಿಂದ ಕಲೆಗೆ ಮರಣವೆಂದು ನುಡಿದವನು ಚಿತ್ರಶಾಲೆಯ ಕಣ್ಮಣಿಯಾಗಿ ಕುಳಿತಿದ್ದಾನೆ. ಇದರಿಂದ ಅವನ ಶಂಕೆಯು ಪೂರ್ಣವಾಗಿ ಸುಳ್ಳಾಯಿತೆಂದು ಹೇಳಲಾಗದು. ಹಳೆಯ ಕೃತಿಯು ಅಪ್ಪಣೆ ಕೊಡುವ ಯಜಮಾನನಾದಾಗ ಅವನ ಶಂಕೆ ನಿಜವಾಗುತ್ತದೆ. ಎದುರಾಡಬಹುದಾದ ಗುರುವಾದಾಗ ಸುಳ್ಳಾಗುತ್ತದೆ. ಯಜಮಾನನನ್ನು ಗುರುವನ್ನಾಗಿ ಮಾಡುವ ಉಪಾಯವು ಸಂವಾದವೊಂದೇ. ಆದುದರಿಂದ ಕಾನ್‌ಸ್ಟಬಲನ ಪಕ್ಷವನ್ನು ಹಿಡಿಯುವವರು ಸಂವಾದಪ್ರದರ್ಶನಗಳನ್ನು ವಿರೋಧಿಸದೆ ಬೇಡಿ ಪಡೆಯಬೇಕು.

ಮೂರನೆಯ ಆಕ್ಷೇಪವು ಕಲಾವಿದರ ಗುಂಪಿನಿಂದಲೇ ಬರುತ್ತದೆ. ‘ಚಿತ್ರಗಾರನ ಕೆಲಸ ಬರೆಯುವುದು, ಹರಟುವುದಲ್ಲ. ಮಾತು ಬಲ್ಲವನು ಮೆರೆಯುತ್ತಾನೆ. ಕೆಲಸ ಬಲ್ಲವನು ಮೂಲೆಯಾಗುತ್ತಾನೆ’ ಎಂದು. ಮಾತಿನ ಮಲ್ಲರ ಹಾವಳಿಯನ್ನು ಕಂಡವರು ಹೀಗೆ ಹೇಳಿದರೆ ಆಶ್ಚರ್ಯವಿಲ್ಲ. ಆದರೆ ಸಂವಾದವು ನಾಲಗೆಯಿಂದಲೇ ಆಗಬೇಕೆಂಬ ನಿಯಮವೆಲ್ಲಿದೆ? 1990ರಲ್ಲಿ ನ್ಯಾಷನಲ್ ಗ್ಯಾಲರಿಯು ತನ್ನ ಮನೆಯೊಳಗೆ ಕುಳಿತು ಕೆಲಸಮಾಡುವುದಕ್ಕೆ ಪೌಲಾ ರೀಗೋ ಎಂಬ ಪೋರ್ಚುಗಲ್ ಮೂಲದ ಚಿತ್ರಗಾರ್ತಿಯನ್ನು ಕರೆಯಿತು. ಆಕೆ ಮೊದಲು ಒಪ್ಪಲಿಲ್ಲ. ಗಂಡಸರು ಬರೆದ ಚಿತ್ರಗಳಿಂದಲೇ ತುಂಬಿದ ಆ ಮನೆಯಲ್ಲಿ ತನಗೆ ದೊರಕುವುದೇನು ಎಂಬುದು ಆಕೆಯ ಪ್ರಶ್ನೆ. ಅನಂತರ ಅದೇ ಕಾರಣಕ್ಕಾಗಿ ಒಪ್ಪಿಕೊಂಡಳು. ಹದಿನೈದನೆಯ ಶತಮಾನದ ಕ್ರಿವೆಲ್ಲಿಯ ಚಿತ್ರವೊಂದರಿಂದ ಸ್ಫೂರ್ತಿಗೊಂಡು ಆಕೆ ಬರೆದ ‘ಕ್ರಿವೆಲ್ಲಿಯ ತೋಟ’ದಲ್ಲಿ ಪುರಾಣದ ಸ್ತ್ರೀಯರೂ ಸಂತ ಸ್ತ್ರೀಯರೂ ತಮ್ಮ ತಮ್ಮ ಕೆಲಸದಲ್ಲಿ ತೊಡಗಿದ್ದಾರೆ; ಆ ರೂಪಗಳಿಗೆ ಮಾದರಿಗಳಾಗಿ ಕುಳಿತವರಲ್ಲಿ ಗ್ಯಾಲರಿಯ ಕೆಲಸದ ಹೆಂಗಸರೂ ಇದ್ದರು. ಯಾವ ಭಾಷಣವೂ ಆ ಸಂಸ್ಥೆಯ ನ್ಯೂನತೆಯನ್ನು ಅಷ್ಟು ನಿಚ್ಚಳವಾಗಿ ತೋರಿಸಲಾರದಾಗಿತ್ತು. ಎರಡು ಸಾವಿರಕ್ಕೆ ಮೀರಿದ ಸಂಗ್ರಹದಲ್ಲಿ ಸ್ತ್ರೀಯರ ಕೃತಿಗಳು ಅತ್ಯಲ್ಪವೆಂಬ ಸತ್ಯವನ್ನು ಆಕೆ ಕುಂಚದಿಂದ ಆಡಿ ತೋರಿಸಿದಳು. ರೀಗೋ 2022ರಲ್ಲಿ ಗತಿಸಿದಳು; ಆಕೆಯ ಪ್ರಶ್ನೆಯು ಗತಿಸಿಲ್ಲ.

ಇಷ್ಟು ಹೇಳಿದಮೇಲೆ ಎರಡನೆಯ ಕಡೆಯವರ ವಾದಕ್ಕೆ ಬರಬೇಕು. ಇವರು ಕೇಳುವುದಿಷ್ಟು: ಜಯಂತಿಯ ವರ್ಷದಲ್ಲಿ ಪ್ರಸಿದ್ಧರನ್ನು ಕರೆದು, ಅವರ ಹೆಸರಿನಿಂದ ಜನಸಂದಣಿಯನ್ನು ಸೇರಿಸಿ, ಹಳೆಯ ಕೃತಿಯನ್ನು ಅವರ ಕೀರ್ತಿಗೆ ಹಿನ್ನೆಲೆಯ ಪರದೆಯನ್ನಾಗಿ ಮಾಡುವುದಕ್ಕೆ ಸಂವಾದವೆಂಬ ಹೆಸರೇಕೆ? ಈ ಪ್ರಶ್ನೆಯು ನ್ಯಾಯವಾದುದು. ಎಷ್ಟೋ ಕಡೆ ನಡೆಯುವುದು ಇದೇ. ಕಲಾವಿದನು ಬರುತ್ತಾನೆ, ತನ್ನ ಬಾಲ್ಯವನ್ನೂ ಪ್ರವಾಸವನ್ನೂ ಪ್ರಶಸ್ತಿಗಳನ್ನೂ ವರ್ಣಿಸುತ್ತಾನೆ, ಬೆನ್ನ ಹಿಂದಿರುವ ವಿಗ್ರಹದ ಕಡೆಗೆ ತಿರುಗಿಯೂ ನೋಡದೆ ಹೋಗುತ್ತಾನೆ. ಸಭಿಕರು ಚಪ್ಪಾಳೆ ತಟ್ಟುತ್ತಾರೆ. ವಿಗ್ರಹವು ಸಾವಿರ ವರ್ಷಗಳಿಂದ ಸುಮ್ಮನಿದ್ದುದು ಆ ದಿನವೂ ಸುಮ್ಮನಿರುತ್ತದೆ. ಇದು ಸಂವಾದವಲ್ಲ, ಸ್ವಗತ. ಆದರೆ ಕಳ್ಳನಾಣ್ಯವಿರುವುದರಿಂದ ನಾಣ್ಯವೇ ಬೇಡವೆಂದು ಯಾರೂ ಹೇಳುವುದಿಲ್ಲ. ಒರೆಗಲ್ಲು ಬೇಕು. ಅಂತಹ ಒರೆಗಲ್ಲುಗಳನ್ನು ಲಂಡನ್ನಿನ ಅನುಭವದಿಂದಲೇ ತೆಗೆದುಕೊಳ್ಳಬಹುದು. ಅವು ಮೂರು.

ಮೊದಲನೆಯದು ದೀರ್ಘಪರಿಚಯ. ಹಾಕ್ನಿಯು 2024ರಲ್ಲಿ ಹೊಸದಾಗಿ ಕರೆಯಿಸಿಕೊಂಡವನಲ್ಲ. ಗ್ಯಾಲರಿಯು 1977ರಿಂದ ‘ಕಲಾವಿದನ ಕಣ್ಣು’ ಎಂಬ ಅರ್ಥದ ಹೆಸರಿನಲ್ಲಿ, ಜೀವಂತ ಕಲಾವಿದರು ಸಂಗ್ರಹದಿಂದ ಆರಿಸಿದ ಚಿತ್ರಗಳ ಪ್ರದರ್ಶನಗಳನ್ನು ನಡೆಸಿತು. ಮೊದಲನೆಯ ಸರದಿ ಶಿಲ್ಪಿ ಆಂತೊನಿ ಕ್ಯಾರೋವಿನದು. 1981ರ ಸರದಿ ಹಾಕ್ನಿಯದು. 2000ನೆಯ ಇಸವಿಯಲ್ಲಿ 24 ಮಂದಿ ಕಲಾವಿದರು ಗ್ಯಾಲರಿಯ ಹಳೆಯ ಕೃತಿಗಳಿಗೆ ಪ್ರತ್ಯುತ್ತರವಾಗಿ ಹೊಸ ಕೃತಿಗಳನ್ನು ಕೊಟ್ಟರು. ಹಾಗೆ ನಲವತ್ತಕ್ಕೂ ಹೆಚ್ಚು ವರ್ಷ ನಡೆದ ಮಾತುಕತೆಗೆ 2024ರ ಆ ಕೋಣೆಯು ಫಲರೂಪವಾಯಿತು. ವರ್ಷವಿಡೀ ನೀರೆರೆಯದೆ ಹಬ್ಬದ ದಿನ ಗಿಡಕ್ಕೆ ಹೂವನ್ನು ಕಟ್ಟುವುದರಿಂದ ಗಿಡ ಹೂಬಿಟ್ಟಂತಾಗುವುದಿಲ್ಲ.

ಎರಡನೆಯದು ಮಿತಿ. ಮೂರು ಚಿತ್ರಗಳು, ಒಂದು ಕೋಣೆ, ಸಾವಧಾನವಾದ ನೋಟ. ಇದರ ಬೆಲೆಯನ್ನು ಆ ಗ್ಯಾಲರಿಯು ಕಲಿತುದು ಸಂಪತ್ತಿನ ದಿನಗಳಲ್ಲಲ್ಲ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಭೀತಿಯಿಂದ ಚಿತ್ರಗಳನ್ನೆಲ್ಲ ಲಂಡನ್ನಿನಿಂದ ಹೊರಕ್ಕೆ ಸಾಗಿಸಿ, ಕಡೆಗೆ ವೇಲ್ಸ್ ಸೀಮೆಯ ಮಾನಾಡ್ ಎಂಬಲ್ಲಿಯ ಕಲ್ಲುಗಣಿಯೊಳಗೆ ಬಚ್ಚಿಟ್ಟಿದ್ದರು. ಗೋಡೆಗಳು ಬರಿದಾಗಿದ್ದುವು. 1942ರ ಜನವರಿಯಲ್ಲಿ ಚಾರ್ಲ್ಸ್ ವ್ಹೀಲರ್ ಎಂಬ ಶಿಲ್ಪಿಯು ‘ಟೈಮ್ಸ್’ ಪತ್ರಿಕೆಗೆ ಬರೆದು, ಗಾಯಗೊಂಡ ನಗರಕ್ಕೆ ಸೌಂದರ್ಯದ ದರ್ಶನವು ಎಂದಿಗಿಂತಲೂ ಈಗ ಬೇಕೆಂದು ಕೇಳಿಕೊಂಡನು. ಅಂದಿನಿಂದ ತಿಂಗಳಿಗೊಂದು ಚಿತ್ರವನ್ನು ಗಣಿಯಿಂದ ತಂದು ತೋರಿಸುವ ಪದ್ಧತಿಯು ಆರಂಭವಾಯಿತು. ಸಾವಿರಾರು ಚಿತ್ರಗಳಿದ್ದಾಗ ಅವಸರದಿಂದ ನಡೆದುಹೋಗುತ್ತಿದ್ದ ಜನರು ಒಂದೇ ಚಿತ್ರದ ಮುಂದೆ ನಿಂತರು. ಬರಿದಾದ ಮನೆಯಲ್ಲಿ ನೋಡುವ ವಿದ್ಯೆಯು ಹುಟ್ಟಿತು. ಅದನ್ನು ಕೇಳಿ ಪಡೆದವನು ಜೀವಂತನಾದ ಒಬ್ಬ ಕಲಾವಿದ. ಸಂವಾದಕ್ಕೆ ವೈಭವವು ಬೇಡ, ಅವಧಾನವು ಬೇಕು.

ಮೂರನೆಯ ಒರೆಗಲ್ಲು ಎಲ್ಲಕ್ಕಿಂತ ಕಠಿನವಾದುದು: ಅಪ್ರಿಯವಾದ ಪ್ರಶ್ನೆಗೆ ಎಡೆಯುಂಟೇ? ರೀಗೋವಿನ ಪ್ರಶ್ನೆಯು ಅಂತಹುದು. ಆಂಗರ್‌ಸ್ಟೈನನ ಹಣದ ಪ್ರಶ್ನೆಯೂ ಅಂತಹುದೇ. ಅವನ ಐಶ್ವರ್ಯವು ಹಡಗುಗಳ ವಿಮೆಯ ವ್ಯಾಪಾರದಿಂದ ಬಂದುದು. ಆ ಕಾಲದ ಸಮುದ್ರವ್ಯಾಪಾರದಲ್ಲಿ ಗುಲಾಮರ ಸಾಗಣೆಯೂ ಅವರ ದುಡಿಮೆಯ ಸರಕೂ ಸೇರಿದ್ದುವು. ಈ ಸಂಬಂಧಗಳನ್ನು ಈಚೆಗೆ ಗ್ಯಾಲರಿಯೇ ಶೋಧನೆಗೆ ಗುರಿಪಡಿಸಿದೆ. ಮನೆಯ ಹಿರಿಯನ ಗುಣಗಳನ್ನು ಮಾತ್ರ ಹಾಡಿಸುವುದಕ್ಕೆ ಭಟ್ಟಂಗಿಗಳು ಸಾಕು, ಕಲಾವಿದರು ಬೇಕಾಗಿಲ್ಲ. ಕಲಾವಿದರನ್ನು ಕರೆದಮೇಲೆ ಅವರ ಬಾಯಿಗೆ ಬೀಗ ಹಾಕುವ ಸಂಸ್ಥೆಯು ಜಯಂತಿಯನ್ನು ಆಚರಿಸಬಹುದು. ಸಂವಾದವನ್ನು ಆಚರಿಸಿತೆಂದು ಹೇಳಿಕೊಳ್ಳಲಾಗದು.

ಇದೆಲ್ಲ ಸಮುದ್ರದಾಚೆಯ ಶ್ರೀಮಂತ ದೇಶದ ವಿಲಾಸ, ಭಾರತಕ್ಕೆ ಒಗ್ಗದು, ಎಂಬುವರುಂಟು. ಮುಂಬಯಿಯ ಬೈಕಳೆಯಲ್ಲಿರುವ ಡಾಕ್ಟರ್ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವು ಈ ಮಾತನ್ನು ಸುಳ್ಳುಮಾಡಿದೆ. 1872ರಲ್ಲಿ ರಾಣಿ ವಿಕ್ಟೋರಿಯಾ ಮತ್ತು ಆಲ್ಬರ್ಟರ ಹೆಸರಿನಲ್ಲಿ ತೆರೆದ ಆ ಮನೆಗೆ, ಅದರ ಸ್ಥಾಪನೆಗಾಗಿ ದುಡಿದ ವೈದ್ಯನೂ ವಿದ್ವಾಂಸನೂ ಆದ ಭಾವು ದಾಜಿ ಲಾಡನ ಹೆಸರು ಬಂದುದು 1975ರಲ್ಲಿ. ಜೀರ್ಣವಾಗಿದ್ದ ಕಟ್ಟಡವನ್ನು ಉದ್ಧರಿಸಿ 2008ರಲ್ಲಿ ಮತ್ತೆ ತೆರೆದಮೇಲೆ, ಅಲ್ಲಿ ಇಂದಿನ ಕಲಾವಿದರು ಹಳೆಯ ಸಂಗ್ರಹಕ್ಕೆ ಪ್ರತ್ಯುತ್ತರ ಕೊಡುವ ಪ್ರದರ್ಶನಗಳ ಪರಂಪರೆಯೊಂದು ನಡೆದು ಬಂದಿತು. ಜಿತೀಶ್ ಕಲ್ಲಟ್ 2011ರಲ್ಲಿಯೂ, ಅತುಲ್ ದೋಡಿಯಾ 2014ರಲ್ಲಿಯೂ ಅಲ್ಲಿ ತಮ್ಮ ಕೃತಿಗಳನ್ನಿರಿಸಿದರು. ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯೆಂದರೆ ಆ ಪಂಕ್ತಿಯಲ್ಲಿ ಕನ್ನಡನಾಡಿನವರೂ ಇದ್ದರು. ಉಡುಪಿ ಜಿಲ್ಲೆಯ ಕೋಟೇಶ್ವರದವರಾದ ಎಲ್. ಎನ್. ತಲ್ಲೂರರು ಒಬ್ಬರು, ಮೈಸೂರಿನಲ್ಲಿ ಚಿತ್ರಕಲೆಯನ್ನೂ ಬರೋಡೆಯಲ್ಲಿ ಸಂಗ್ರಹಾಲಯಶಾಸ್ತ್ರವನ್ನೂ ಓದಿದವರು. ನಟರಾಜನ ಪ್ರಭಾವಳಿಯ ನಡುವೆ ನಟರಾಜನಿರಬೇಕಾದ ಎಡೆಯಲ್ಲಿ ಕಾಂಕ್ರೀಟಿನ ಗುಂಡನ್ನು ಕೂರಿಸಿದ ಅವರ ಕೃತಿಯೊಂದುಂಟು. ಅದನ್ನು ಕಂಡು ಸಿಟ್ಟಾಗುವವನೂ ಪ್ರಭಾವಳಿಯನ್ನು ಜೀವಮಾನದಲ್ಲಿ ಮೊದಲ ಸಲ ಗಮನವಿಟ್ಟು ನೋಡುತ್ತಾನೆ. ಇನ್ನೊಬ್ಬರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತ ರಂಜನಿ ಶೆಟ್ಟರ್; 2012ರಲ್ಲಿ ಅಲ್ಲಿ ಪ್ರದರ್ಶನವನ್ನು ನಡೆಸಿದವರು. ಕನ್ನಡದ ಕಲಾವಿದರಿಗೆ ಮುಂಬಯಿಯ ಸಂಗ್ರಹಾಲಯದೊಡನೆ ಮಾತಾಡುವ ಶಕ್ತಿಯಿದ್ದಮೇಲೆ ಸ್ವಂತ ಊರಿನ ಸಂಗ್ರಹಾಲಯದೊಡನೆ ಮಾತಾಡುವ ಶಕ್ತಿಯಿಲ್ಲವೆಂದು ಹೇಳಲಾಗದು. ಕೊರತೆಯಿರುವುದು ಕರೆಯುವವರಲ್ಲಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರೀ ವಸ್ತುಸಂಗ್ರಹಾಲಯಕ್ಕೆ 2015ರಲ್ಲಿ 150 ವರ್ಷ ತುಂಬಿದುವು. ಅದರ ಮಗ್ಗುಲಲ್ಲಿಯೇ ಇರುವುದು ವೆಂಕಟಪ್ಪ ಚಿತ್ರಶಾಲೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು, ಚಿತ್ರದಲ್ಲಿಯೂ ವೀಣೆಯಲ್ಲಿಯೂ ತಪಸ್ಸಿನಂತೆ ಬಾಳನ್ನು ಸವೆಯಿಸಿದ ಕೆ. ವೆಂಕಟಪ್ಪನವರ ಹೆಸರು ಅದಕ್ಕಿದೆ. ಸಂಗ್ರಹಾಲಯದ ಆ ಪುಣ್ಯವರ್ಷದಲ್ಲಿಯೇ ವೆಂಕಟಪ್ಪ ಚಿತ್ರಶಾಲೆಯ ನಿರ್ವಹಣೆಯ ಬಗೆಗೆ ಸರಕಾರದ ಇಲಾಖೆಯೊಂದು ಖಾಸಗಿ ಸಂಸ್ಥೆಯೊಡನೆ ಒಪ್ಪಂದವನ್ನು ಮಾಡಿಕೊಂಡಿತು. ತಮ್ಮನ್ನು ಒಂದು ಮಾತೂ ಕೇಳಲಿಲ್ಲವೆಂದು 2016ರಲ್ಲಿ ಕಲಾವಿದರು ಬಹಿರಂಗವಾಗಿ ಪ್ರತಿಭಟಿಸಿದರು. ಆ ಏರ್ಪಾಡು ಮುಂದೆ ನಡೆಯಲಿಲ್ಲ. ಖಾಸಗಿಯವರ ಹಣ ಒಳ್ಳೆಯದೋ ಕೆಟ್ಟದೋ ಎಂಬ ವಾದವು ಇಲ್ಲಿ ಅಪ್ರಸ್ತುತ. ಪ್ರಸ್ತುತವಾದುದು ಇಷ್ಟು: ಚಿತ್ರಶಾಲೆಯೊಡನೆ ಸಂವಾದ ನಡೆಸುವುದಕ್ಕೆ ಕಲಾವಿದರು ಒಳಗಿನ ಸಭಾಂಗಣವನ್ನು ಸೇರಬೇಕಾಗಿದ್ದಿತು, ಅವರು ಹೊರಗಿನ ಬಾಗಿಲಲ್ಲಿ ನಿಲ್ಲಬೇಕಾಯಿತು. ಕರೆಯದಿದ್ದರೂ ಬಂದು ಆ ಮನೆಯ ಮೇಲೆ ತಮಗಿರುವ ಹಕ್ಕನ್ನು ಅವರು ಸಾರಿದರು. ಸತ್ತ ಕಾಲೇಜಿಗಾಗಿ ಯಾರೂ ಹೀಗೆ ಹೋರಾಡುವುದಿಲ್ಲ. ಸಂಗ್ರಹಾಲಯವು ಜೀವಂತವೆಂಬುದಕ್ಕೆ ಅಧಿಕಾರಿಗಳು ಕೊಡಲಾರದ ಪ್ರಮಾಣವನ್ನು ಕಲಾವಿದರು ಕೊಟ್ಟರು.

ಸಂವಾದಕ್ಕೆ ಆ ಸಂಗ್ರಹಾಲಯದಲ್ಲಿ ಸಾಮಗ್ರಿಯು ಕಡಮೆಯೇ? ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ ಒಂದು ಕಲ್ಲು ಅಲ್ಲಿದೆ. ಕ್ರಿ. ಶ. 949-50ರ ಕಾಲದ್ದು. ಚೋಳ ರಾಜಾದಿತ್ಯನ ಮೇಲೆ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗ ಬೂತುಗನು ಹೋರಾಡಿದನು. ಬೂತುಗನ ಭಟನಾದ ಮಣಲೆರನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಅವನು ಊರನ್ನೋ ಹೊನ್ನನ್ನೋ ಕೇಳದೆ ‘ಕಾಳಿ’ ಎಂಬ ನಾಯಿಯನ್ನು ಕೇಳಿ ಪಡೆದನು. ಆ ನಾಯಿಯು ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತುವು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುವುದೆಂದು ಕೆತ್ತಿಸಿದರು. ದಿನಕ್ಕೊಮ್ಮೆಯಾದರೂ ತನ್ನನ್ನು ಮಾತಾಡಿಸಿರೆಂದು ಬಾಯ್ಬಿಟ್ಟು ಕೇಳಿದ ಕಲ್ಲು ಅದು. ಹಂದಿಯ ಮೇಲೆರಗಿದ ನಾಯಿಯನ್ನು ಕೆತ್ತಿದ ಆ ಉಳಿಯ ವೇಗವನ್ನು ಇಂದಿನ ಶಿಲ್ಪಿಯೊಬ್ಬನು ನೋಡಿ ಏನು ಹೇಳುವನು? ಹೊನ್ನಿಗಿಂತ ನಾಯಿಯನ್ನು ಬಯಸಿದ ಮನಸ್ಸನ್ನು ಇಂದಿನ ಕವಿಯೊಬ್ಬನು ಹೇಗೆ ತಿಳಿಯುವನು? ಮಂಡ್ಯದ ಸೀಮೆಯ ಬೇಸಾಯಗಾರನು ಅದರೆದುರಿಗೆ ನಿಂತರೆ ಏನು ಕೇಳುವನು? ಈ ಮೂವರನ್ನು ಆ ಕಲ್ಲಿನ ಮುಂದೆ ಕೂರಿಸಿ, ನಡೆದ ಮಾತನ್ನು ಕನ್ನಡದಲ್ಲಿ ಬರೆದು ಅಚ್ಚುಹಾಕಿಸಿದರೆ, ಹತ್ತು ಸ್ಮರಣಸಂಚಿಕೆಗಳಿಗಿಂತ ಅದು ಹೆಚ್ಚು ಬಾಳುತ್ತದೆ. ಇದಕ್ಕೆ ಬೇಕಾಗುವ ವೆಚ್ಚವೆಷ್ಟು? ನಾಲ್ಕು ಕುರ್ಚಿ, ಒಂದು ಜಮಖಾನ, ಒಂದು ಮಧ್ಯಾಹ್ನ.

ಸರಕಾರೀ ವಸ್ತುಸಂಗ್ರಹಾಲಯದ ಈಗಿನ ಕಟ್ಟಡವು 1877ರದು. ಅದಕ್ಕೆ 150 ತುಂಬುವ ವರ್ಷ 2027. ಜಿಲ್ಲೆಯ ಸಂಗ್ರಹಾಲಯಗಳಿಗೂ ಅವುಗಳದೇ ಆದ ವರ್ಷಗಳು ಬರುತ್ತವೆ. ಆ ಹಬ್ಬಗಳ ಭಾರವನ್ನು ಹೊತ್ತವರು ಮಾಡತಕ್ಕ ಕೆಲಸವು ಕಷ್ಟವಾದುದಲ್ಲ. ಒಂದು ಹಳೆಯ ಕೃತಿಯನ್ನು ಆರಿಸಬೇಕು. ಅದರೊಡನೆ ವರ್ಷವೊಂದನ್ನು ಕಳೆಯಲು ಒಬ್ಬ ಜೀವಂತ ಕಲಾವಿದನನ್ನು ನೇಮಿಸಬೇಕು. ಹೆಸರು ದೊಡ್ಡದಾಗಿರಬೇಕಾಗಿಲ್ಲ, ಕಣ್ಣು ದೊಡ್ಡದಾಗಿದ್ದರೆ ಸಾಕು. ವಿದ್ಯಾರ್ಥಿಗಳು ಪೆನ್ಸಿಲು ಕಾಗದ ಹಿಡಿದು ಒಳಗೆ ಕುಳಿತು ಪ್ರತಿಮಾಡುವುದಕ್ಕೆ ಅನುಮತಿಯಿರಬೇಕು; ಕಾನ್‌ಸ್ಟಬಲನು ಕಲಿತುದು ಹಾಗೆಯೇ. ಕಲ್ಲುಕುಟಿಗರೂ ಕಂಚುಗಾರರೂ ನೇಕಾರರೂ ಕಲಾವಿದರೆಂಬುದನ್ನು ಮರೆಯಬಾರದು. ಸಂಗ್ರಹಾಲಯದ ವಸ್ತುಗಳಲ್ಲಿ ಬಹುಪಾಲು ಅವರ ಪೂರ್ವಿಕರ ಕೈಯವೇ. ಅವರನ್ನು ಹೊರಗಿಟ್ಟು ನಡೆಯುವ ಸಂವಾದವು ಮಕ್ಕಳನ್ನು ಹೊರಗೆ ನಿಲ್ಲಿಸಿ ಅಪ್ಪನ ಆಸ್ತಿಯನ್ನು ಚರ್ಚಿಸಿದಂತೆ. ಕೊನೆಯದಾಗಿ, ನೋಡಲು ಬಂದವನಿಗೂ ಬಾಯಿಯುಂಟೆಂಬುದನ್ನು ಒಪ್ಪಿ, ಅವನ ಪ್ರಶ್ನೆಗೂ ಎಡೆಗೊಡಬೇಕು.

ಈ ಯಾವುದನ್ನೂ ಮಾಡದೆ ದೀಪ, ಹಾರ, ಭಾಷಣಗಳಿಂದ ತೃಪ್ತರಾಗುವ ಸಂಸ್ಥೆಗಳಿಗೆ ಮದರಾಸಿನ ಜನರು ಇಟ್ಟ ಹೆಸರೇ ತಕ್ಕದ್ದು. ಕಲ್ಲನ್ನೂ ಬಣ್ಣವನ್ನೂ ಕಾಲವು ಕೊಲ್ಲಲಾರದು. ಕಾಲವನ್ನು ದಾಟಿ ಬಂದುದನ್ನು ಕೊಲ್ಲುವುದು ಅದರೆದುರಿಗೆ ಬಂದವರ ಮೌನ. ಆ ಮೌನವನ್ನು ಮುರಿಯುವ ಹಕ್ಕೂ ಹೊಣೆಯೂ ಮೊದಲು ಕಲಾವಿದರದು. ಅವರಿಗೆ ಬಾಗಿಲನ್ನು ತೆರೆಯುವ ಹೊಣೆ ಸಂಸ್ಥೆಗಳದು. ತೆರೆಯದಿದ್ದಲ್ಲಿ ತಟ್ಟಿ ತೆರೆಸುವ ಹೊಣೆ ವಿದ್ಯಾವಂತರಾದ ಎಲ್ಲ ಗೃಹಸ್ಥರದು. ವಿಚಾರವಂತರು ಇದನ್ನು ಪರಾಮರ್ಶಿಸಬೇಕು.